ಬೆನ್ನಿನ ಮೇಲೆ ಕೂದಲು, ಒಳಗೆ ಇಬ್ಭಾಗವಾದ ಬೆನ್ನುಹುರಿ

ಪ್ರಶ್ನೆ: ನಮಸ್ಕಾರ ಡಾಕ್ಟರ್. ಮಗಳಿಗೆ ಮೂರು ವರ್ಷ. ಹುಟ್ಟಿದಾಗಿನಿಂದ ಸೊಂಟದ ಮೇಲೆ, ಬೆನ್ನಿನ ನಡುವೆ ಉದ್ದನೆಯ ಕೂದಲಿದೆ. ಕಡಲೆಹಿಟ್ಟು ಹಚ್ಚಿ ಉಜ್ಜಿದರೆ ಉದುರುತ್ತದೆ ಎಂದರು ಅತ್ತೆ. ಈಗ ಎಡಪಾದ ಚಿಕ್ಕದಾಗಿ ಕಾಣುತ್ತಿದೆ, ಆ ಕಾಲಿನಲ್ಲಿ ಚಪ್ಪಲಿ ನಿಲ್ಲುವುದಿಲ್ಲ. ಎಂ.ಆರ್.ಐ. ವರದಿಯಲ್ಲಿ ‘ಡಯಾಸ್ಟೆಮಟೊಮೈಲಿಯಾ, ಟೈಪ್ 1’ ಎಂದಿದೆ. ಚೆನ್ನಾಗಿಯೇ ಓಡಾಡುತ್ತಾಳೆ, ಶಸ್ತ್ರಚಿಕಿತ್ಸೆ ಬೇಕೇ? ಬಸುರಿಯಾಗಿದ್ದಾಗ ನಾನೇನಾದರೂ ತಪ್ಪು ಮಾಡಿದೆನೇ?

ಉತ್ತರ (ಮಕ್ಕಳ ನರಶಸ್ತ್ರಚಿಕಿತ್ಸಕ): ಕೊನೆಯ ಪ್ರಶ್ನೆಗೆ ಮೊದಲು: ಇಲ್ಲ, ತಾಯಿ. ಡಯಾಸ್ಟೆಮಟೊಮೈಲಿಯಾ ಎಂದರೆ ಬೆನ್ನುಹುರಿ ಉದ್ದಕ್ಕೆ ಎರಡಾಗಿ ಸೀಳಿರುವುದು. ಭ್ರೂಣಕ್ಕೆ ಮೂರು ನಾಲ್ಕು ವಾರವಾಗಿದ್ದಾಗಲೇ ಇದು ಆಗಿಹೋಗಿರುತ್ತದೆ. ಬಸಿರು ನಿಂತಿದೆ ಎಂದು ಎಷ್ಟೋ ಮಂದಿಗೆ ಆಗಿನ್ನೂ ತಿಳಿದೇ ಇರುವುದಿಲ್ಲ.

1992ರಲ್ಲಿ ನರಶಸ್ತ್ರಚಿಕಿತ್ಸಕ ಪ್ಯಾಂಗ್ ಮಾಡಿದ ವಿಂಗಡಣೆಯಂತೆ, ಟೈಪ್ 1ರಲ್ಲಿ ಬೆನ್ನುಹುರಿಯ ಎರಡು ಸೀಳುಗಳಿಗೂ ಬೇರೆ ಬೇರೆ ಪೊರೆಯಿದ್ದು, ನಡುವೆ ಮೂಳೆಯ ಮುಳ್ಳು ಎದ್ದಿರುತ್ತದೆ. ಟೈಪ್ 2ರಲ್ಲಿ ಪೊರೆ ಒಂದೇ, ನಡುವೆ ನಾರಿನ ಪದರ. ಮಗು ಬೆಳೆಯುವಾಗ ಬೆನ್ನುಮೂಳೆ ಹುರಿಗಿಂತ ವೇಗವಾಗಿ ಉದ್ದವಾಗುತ್ತದೆ. ಹುರಿ ಮೇಲಕ್ಕೆ ಸರಿಯಬೇಕು, ಆದರೆ ಗೂಟಕ್ಕೆ ಕಟ್ಟಿದ ಕರುವಿನಂತೆ ಅಲ್ಲೇ ಸಿಕ್ಕಿಕೊಂಡು ಎಳೆಯಲ್ಪಡುತ್ತದೆ. ಪಾದ ಚಿಕ್ಕದಾಗಿರುವುದು ನರಗಳಿಗೆ ಪೆಟ್ಟು ಬಿದ್ದಿರುವುದರ ಗುರುತು. ಆದ್ದರಿಂದ ಕಾಯುವುದು ಬೇಡ ಎಂಬುದು ನನ್ನ ಅಭಿಪ್ರಾಯ. ಇನ್ನು ಆ ಕೂದಲನ್ನು ಉಜ್ಜಬೇಡಿ, ಬೆನ್ನು ನೀವಿಸಲೂ ಬೇಡಿ.

ತಾಯಿ: ಶಸ್ತ್ರಚಿಕಿತ್ಸೆಯಾದರೆ ಪಾದ ಸರಿಹೋಗುತ್ತದೆಯೇ?

ಉತ್ತರ: ಆ ಭರವಸೆ ಕೊಡಲಾರೆ. ಸೂಕ್ಷ್ಮದರ್ಶಕದಡಿ ಮುಳ್ಳನ್ನು ಕೊರೆದು ತೆಗೆದು, ಎರಡು ಪೊರೆಗಳನ್ನು ಒಂದು ಮಾಡಿ, ಹುರಿಯನ್ನು ಬಿಡಿಸುತ್ತೇವೆ. ಮುಂದೆ ಕೆಡದಂತೆ ತಡೆಯುವುದೇ ಮುಖ್ಯ ಗುರಿ. ಮೂತ್ರದ ಹಿಡಿತ ಒಮ್ಮೆ ಹೋದರೆ ಮರಳಿ ಬರುವುದು ಕಷ್ಟ. ಹೀಗಾಗಿ ಮೂತ್ರಕೋಶದ ಪರೀಕ್ಷೆಯನ್ನು ಮೊದಲೇ ಮಾಡಿಸಿ. ಸೋಂಕು, ಗಾಯದಿಂದ ಬೆನ್ನುಹುರಿಯ ದ್ರವ ಸೋರುವುದು, ಕಾಲಿನ ಬಲ ಕುಂದುವುದು, ಈ ಅಪಾಯಗಳನ್ನೂ ನಿಮ್ಮ ವೈದ್ಯರಲ್ಲಿ ಬಿಡಿಸಿ ಕೇಳಿ. ಬೆನ್ನು ಓರೆಯಾಗಿದೆಯೇ ಎಂದು ಎಕ್ಸ್‌ರೇ ಬೇಕು. ಓರೆಯನ್ನು ನೆಟ್ಟಗೆ ಮಾಡುವ ಶಸ್ತ್ರಚಿಕಿತ್ಸೆ ಬೇಕಾದರೂ ಸಾಮಾನ್ಯವಾಗಿ ಮೊದಲು ಮುಳ್ಳನ್ನು ತೆಗೆಯುತ್ತಾರೆ.

ಮತ್ತೊಬ್ಬ ಸದಸ್ಯೆ: ತಂಗಿಯ ಎರಡು ತಿಂಗಳ ಮಗುವಿಗೆ ಬೆನ್ನ ಕೆಳಗೆ ಸಣ್ಣ ಗುಳಿಯಿದೆ. ಕೂದಲಿಲ್ಲ.

ಉತ್ತರ: ಗುಳಿ ಸಣ್ಣದಾಗಿದ್ದು, ಗುದದ್ವಾರಕ್ಕೆ ಹತ್ತಿರವಿದ್ದು, ತಳ ಕಾಣುತ್ತಿದ್ದರೆ ಬಹುತೇಕ ಚಿಂತೆಯಿಲ್ಲ. ಮೇಲ್ಭಾಗದಲ್ಲಿದ್ದರೆ, ಜೊತೆಗೆ ಗಂಟೋ ಕೆಂಪು ಮಚ್ಚೆಯೋ ಇದ್ದರೆ ಈಗಲೇ ತೋರಿಸಿ. ಈ ವಯಸ್ಸಿನಲ್ಲಿ ಬೆನ್ನೆಲುಬು ಪೂರ್ತಿ ಗಟ್ಟಿಯಾಗಿರುವುದಿಲ್ಲವಾದ್ದರಿಂದ ಮೊದಲ ಪರೀಕ್ಷೆಗೆ ಅಲ್ಟ್ರಾಸೌಂಡ್ ಸಾಕಾಗುತ್ತದೆ, ಅರಿವಳಿಕೆ ಬೇಡ. ಆರು ತಿಂಗಳು ದಾಟಿದರೆ ಆ ಅನುಕೂಲ ಇರುವುದಿಲ್ಲ.