ಬೇಬೆನ್‌ಹೌಸನ್ ಮಠದ ಚರಿತ್ರೆ: ಇಸವಿಗಳು ತಾಳೆಯಾಗುತ್ತಿಲ್ಲ, ಗೊತ್ತಿದ್ದವರು ಹೇಳಿ

ಕಾವೇರಿದಂಡೆ, ಮಂಡ್ಯ

ನಮ್ಮ ನಿಘಂಟಿನ ಕಿಟೆಲ್ 1903ರಲ್ಲಿ ತೀರಿಕೊಂಡದ್ದು ಜರ್ಮನಿಯ ಟ್ಯೂಬಿಂಗನ್‌ನಲ್ಲಿ. ಅಲ್ಲಿಂದ ಉತ್ತರಕ್ಕೆ ಐದಾರು ಕಿ.ಮೀ. ಹೋದರೆ ಶೋನ್‌ಬುಖ್ ಕಾಡಿನ ಮಗ್ಗುಲಲ್ಲಿ ಬೇಬೆನ್‌ಹೌಸನ್ ಎಂಬ ಹಳ್ಳಿ ಸಿಗುತ್ತದೆ. ಒಂದು ಹಳೆಯ ಮಠ, ಅದರ ಸುತ್ತ ಒಂದಿಷ್ಟು ಮನೆಗಳು, ಅಷ್ಟೇ ಊರು. ಬಳಗದ ಸಂಚಿಕೆಗೆ ಇದರ ಚರಿತ್ರೆ ಬರೆಯುತ್ತಿದ್ದೇನೆ. ನಾಲ್ಕು ಕಡೆ ಸಿಕ್ಕಿಕೊಂಡಿದೆ.

ಮಠ ಶುರುವಾದದ್ದು 1183 ಅಂತ ಒಂದು ಕಡೆ, 1190 ಅಂತ ಇನ್ನೊಂದು ಕಡೆ ಇದೆ. 1534ರ ನಂತರ ಮಠ ಮುಚ್ಚಿತು ಅನ್ನುತ್ತಾರೆ, ಆದರೆ 1700ರ ಈಚೆಗೂ ಮಠಾಧಿಪತಿಗಳ ಹೆಸರು ಬರುತ್ತವೆ. ಕೊನೆಯ ರಾಜ ಎರಡನೇ ವಿಲ್ಹೆಲ್ಮ್ ಇಲ್ಲೇ 1921ರಲ್ಲಿ ಸತ್ತ ಅಂತಿದೆ, ಆದರೆ ಅವನು ಹಾಲೆಂಡಿಗೆ ಹೋದವನಲ್ಲವೆ? ಇನ್ನು ಜಮೀನಿನ ಲೆಕ್ಕವೆಲ್ಲ ಮೋರ್ಗನ್‌ನಲ್ಲಿದೆ. ಅದನ್ನು ಎಕರೆ-ಗುಂಟೆಗೆ ತರುವುದು ಹೇಗೆ?

ಶಾಸನಾಸಕ್ತ, ಮೈಸೂರು

ಎರಡು ಇಸವಿಯೂ ಸರಿ, ಪಂಥ ಬೇರೆ. ಟ್ಯೂಬಿಂಗನ್‌ನ ಪ್ರಭು ರುಡಾಲ್ಫ್ 1183ರ ಸುಮಾರಿಗೆ ಮಠ ಕಟ್ಟಿಸಲು ಹೊರಟು ಪ್ರೆಮೊಂಟ್ರೆ ಎಂಬ ಕ್ರೈಸ್ತ ಸನ್ಯಾಸಿ ಪಂಥದವರನ್ನು ಕರೆಸಿದ. ಕೆಲವೇ ವರ್ಷಗಳಲ್ಲಿ ಅವರು ಬಿಟ್ಟುಹೋದರು. 1190ರಲ್ಲಿ ಹೈಡೆಲ್‌ಬರ್ಗ್ ಹತ್ತಿರದ ಶೋನೌ ಮಠದಿಂದ ಸಿಸ್ಟರ್ಸಿಯನ್ ಪಂಥದವರು ಬಂದು ನೆಲೆನಿಂತರು. 'ಸ್ಥಾಪನೆ 1183, ಸಿಸ್ಟರ್ಸಿಯನ್ ಮಠವಾದದ್ದು 1190' ಎಂದು ಬರೆಯಿರಿ. 'ಸಿಸ್ಟರ್ಸಿಯನ್ ಮಠ, 1183' ಎಂದರೆ ಮಾತ್ರ ತಪ್ಪು.

ಯಾವ ಮಠದ ಶಾಖೆ ಯಾವುದು ಎಂಬ ಪರಂಪರೆಯನ್ನೂ ಒಂದು ಸಾಲಿನಲ್ಲಿ ಕೊಡಿ: ಸಿತೋ, ಕ್ಲೇರ್ವೋ, ಎಬರ್‌ಬಾಖ್, ಶೋನೌ, ಬೇಬೆನ್‌ಹೌಸನ್. ಮೂಲಮಠದ ಅಧಿಪತಿ ವರ್ಷಕ್ಕೊಮ್ಮೆ ಶಾಖಾಮಠಕ್ಕೆ ಬಂದು ನಡೆನುಡಿ, ಲೆಕ್ಕಪತ್ರ ಎಲ್ಲ ನೋಡಬೇಕೆಂಬ ಕಟ್ಟಳೆ ಆ ಪಂಥದ್ದು. ದೂರದೂರದ ಮಠಗಳ ಕಟ್ಟಡದ ವಿನ್ಯಾಸ ಅಷ್ಟೊಂದು ಹೋಲುವುದಕ್ಕೆ ಈ ಕೊಂಡಿಯೇ ಕಾರಣ.

ಕಟ್ಟಡದಲ್ಲಿ ಮೂರು ಇಸವಿ ಹಿಡಿದರೆ ಸಾಕು. ಚರ್ಚಿನ ಪ್ರತಿಷ್ಠೆ 1228. ಬೇಸಿಗೆಯ ಊಟದ ಮನೆ 1335. ಚರ್ಚಿನ ಸೂರಿನ ಮೇಲಿನ ಕಲ್ಲಿನ ಶಿಖರ 1407ರಿಂದ 1409. ಈ ಶಿಖರದ ಹತ್ತಿರ ಸ್ವಲ್ಪ ನಿಲ್ಲಿ. ಗಂಟೆಗೆಂದು ಕಲ್ಲಿನ ಗೋಪುರ ಕಟ್ಟಬಾರದು ಅಂತ ಪಂಥದ ಮಹಾಸಭೆ 1157ರಲ್ಲೇ ವಿಧಿಸಿತ್ತು. ಹಾಗಾಗಿ ನೆಲದಿಂದ ಏಳುವ ಗೋಪುರ ಇಲ್ಲಿಲ್ಲ, ಸೂರಿನ ಮೇಲೆ ಕೂತ ಜಾಲಂಧ್ರದಂಥ ಶಿಖರ ಇದೆ. ಅದನ್ನು ಕಟ್ಟಿದವನು ಸಾಲೆಮ್ ಮಠದ ಗೆಯೋರ್ಗ್ ಎಂಬ ಸಹೋದರ. ಊಟದ ಮನೆಯಲ್ಲಿ ತೆಳ್ಳನೆಯ ಕಂಬಗಳಿಂದ ಕಮಾನಿನ ಪಕ್ಕೆಗಳು ತೆಂಗಿನ ಗರಿ ಬಿಚ್ಚಿದ ಹಾಗೆ ಹರಡಿಕೊಳ್ಳುತ್ತವೆ, ನಡುವಿನ ಜಾಗದಲ್ಲೆಲ್ಲ ಬಣ್ಣದ ಚಿತ್ತಾರ.

ಹಳೇ ಕಡತ, ಮೈಸೂರು

ಎರಡನೆಯ ಪ್ರಶ್ನೆಯಲ್ಲಿ ಎಡವುವವರೇ ಹೆಚ್ಚು. 1534ರಲ್ಲಿ ಡ್ಯೂಕ್ ಉಲ್ರಿಖ್ ತನ್ನ ಸೀಮೆಯಾದ ವ್ಯುರ್ಟೆಂಬರ್ಗ್‌ಗೆ ಮರಳಿ ಬಂದು ಲೂಥರನ ಪ್ರಾಟೆಸ್ಟಂಟ್ ಮತವನ್ನು ಜಾರಿಗೆ ತಂದ. ಸನ್ಯಾಸಿಗಳು ಮಠ ಬಿಡಬೇಕಾಯಿತು. ಚರ್ಚಿನ ಪಶ್ಚಿಮದ ಭಾಗವನ್ನು ಕೆಡವಿ, ಕಲ್ಲನ್ನು ಟ್ಯೂಬಿಂಗನ್ ಕೋಟೆಯ ಕೆಲಸಕ್ಕೆ ಸಾಗಿಸಿದರು. ಇವತ್ತು ಚರ್ಚು ಗಿಡ್ಡವಾಗಿ ಕಾಣುವುದು ಇದರಿಂದಲೇ. ಸಿಸ್ಟರ್ಸಿಯನ್ ಚರ್ಚುಗಳಲ್ಲಿ ಪಶ್ಚಿಮದ ಭಾಗ ಹೊಲಗದ್ದೆ ನೋಡಿಕೊಳ್ಳುತ್ತಿದ್ದ ದುಡಿಮೆಯ ಸಹೋದರರಿಗೆ ಮೀಸಲಾಗಿರುತ್ತಿತ್ತು.

1556ರಲ್ಲಿ ಡ್ಯೂಕ್ ಕ್ರಿಸ್ಟೋಫ್ ಹೊಸ ಕಟ್ಟಳೆ ತಂದು ಇಂಥ ಮಠಗಳನ್ನು ಪ್ರಾಟೆಸ್ಟಂಟ್ ಶಾಲೆಗಳನ್ನಾಗಿ ಮಾಡಿದ. ಹುಡುಗರಿಗೆ ಊಟ, ವಸತಿ, ಪಾಠ ಪುಕ್ಕಟೆ. ಓದು ಮುಗಿಸಿ ಟ್ಯೂಬಿಂಗನ್‌ಗೆ ಹೋಗಿ ಪಾದ್ರಿಗಳಾಗಬೇಕು. ಆ ಶಾಲೆಯ ಮುಖ್ಯಸ್ಥನಿಗೂ ಹಳೆಯ ಪದವಿಯ ಹೆಸರೇ ಉಳಿಯಿತು, ರಾಜ್ಯದ ಸಭೆಯಲ್ಲಿ ಅವನಿಗೊಂದು ಪೀಠವೂ ಇತ್ತು. ನಿಮಗೆ ಸಿಕ್ಕ 1700ರ ಈಚಿನ ಹೆಸರುಗಳು ಇವರವು. ಕನ್ನಡದಲ್ಲಿ ಇವರನ್ನೂ 'ಮಠಾಧಿಪತಿ' ಅಂದರೆ ಓದುಗ ದಾರಿ ತಪ್ಪುತ್ತಾನೆ. 1534ರ ತನಕ 'ಮಠಾಧಿಪತಿ', ಆಮೇಲೆ 'ಮಠಶಾಲೆಯ ಪ್ರಧಾನ' ಅಂತ ಬೇರೆಮಾಡಿ.

ಇನ್ನೂ ಒಂದು ತೊಡಕಿದೆ. ಮೂವತ್ತು ವರ್ಷದ ಯುದ್ಧದಲ್ಲಿ ಚಕ್ರವರ್ತಿಯ 1629ರ ಆಜ್ಞೆಯ ಬಲದಿಂದ ಕ್ಯಾಥೊಲಿಕ್ ಸನ್ಯಾಸಿಗಳು ವಾಪಸು ಬಂದರು. 1648ರ ವೆಸ್ಟ್‌ಫಾಲಿಯಾ ಒಪ್ಪಂದದಿಂದ ಮತ್ತೆ ಹೋದರು. ಆ ನಡುವಿನ ವರ್ಷಗಳ ಹೆಸರುಗಳನ್ನು ಒಂದೇ ಪಟ್ಟಿಯಲ್ಲಿ ಪೋಣಿಸಬೇಡಿ. ತಾರೀಖಿನಲ್ಲೂ ಎಚ್ಚರ: ಕ್ಯಾಥೊಲಿಕರದು ಹೊಸ ಪಂಚಾಂಗ, ವ್ಯುರ್ಟೆಂಬರ್ಗ್‌ನದು ಹಳೆಯದು, ಎರಡಕ್ಕೂ 10 ದಿನ ಅಂತರ. ಪ್ರಾಟೆಸ್ಟಂಟ್ ರಾಜ್ಯಗಳು 1700ರಲ್ಲಿ ಫೆಬ್ರವರಿ 18ರ ಮಾರನೆಯ ದಿನವನ್ನು ಮಾರ್ಚ್ 1 ಅಂತ ಎಣಿಸಿ ಸರಿಮಾಡಿಕೊಂಡವು.

ಆಸ್ತಿಯ ವಿಷಯವನ್ನು ನಮ್ಮವರಿಗೆ ತಿಳಿಸುವುದು ಸುಲಭ. ಡ್ಯೂಕ್ ಮಠದ ಹಳ್ಳಿಗಳನ್ನು ವಶಕ್ಕೆ ತೆಗೆದುಕೊಂಡರೂ ಖಜಾನೆಗೆ ಬೆರೆಸಲಿಲ್ಲ. ಚರ್ಚಿನ ಆಸ್ತಿ ಅಂತಲೇ ಬೇರೆ ಲೆಕ್ಕ ಇಡಿಸಿದ. ನಮ್ಮ ಮುಜರಾಯಿ ಲೆಕ್ಕವನ್ನು ನೆನೆಸಿಕೊಳ್ಳಿ, ಪೂರ್ತಿ ಅದೇ ಅಲ್ಲ, ಆದರೆ ಜಾಡು ಅದೇ. ಲುಸ್ಟ್‌ನೌ, ವೈಲ್ ಮುಂತಾದ ಹಳ್ಳಿಗಳ ಕಂದಾಯ ಹಾಗೇ ನಡೆದುಬಂದು, 1806ರಲ್ಲಿ ವ್ಯುರ್ಟೆಂಬರ್ಗ್‌ನ ಡ್ಯೂಕ್ ರಾಜನಾದಾಗ ಸರ್ಕಾರದೊಳಗೆ ಸೇರಿಹೋಯಿತು. ಮರುವರ್ಷ ಶಾಲೆಯೂ ನಿಂತಿತು.

ಮೋರ್ಗನ್: ವ್ಯುರ್ಟೆಂಬರ್ಗ್‌ನ ಒಂದು ಮೋರ್ಗನ್ 31.5 ಆರ್ (ಒಂದು ಆರ್ 100 ಚದರ ಮೀಟರ್), ಅಂದರೆ ಸುಮಾರು 31 ಗುಂಟೆ. ಗೂಗಲ್‌ನಲ್ಲಿ ಹುಡುಕಿದರೆ ಮೊದಲು ಬರುವುದು ಪ್ರಷ್ಯಾದ ಮೋರ್ಗನ್. ಅದು 25 ಗುಂಟೆ. ಅದನ್ನು ಹಾಕಿದರೆ 100 ಮೋರ್ಗನ್‌ಗೆ 15 ಎಕರೆ ಖೋತಾ. ಅದೂ ಅಲ್ಲದೆ ಈ ಅಳತೆ ಏಕರೂಪವಾದದ್ದು 19ನೆಯ ಶತಮಾನದಲ್ಲಿ. ಅದಕ್ಕೂ ಹಿಂದಿನ ಪತ್ರಗಳಿಗೆ ಎಕರೆ ಕಟ್ಟದೆ ಮೋರ್ಗನ್ ಅಂತಲೇ ಬಿಡಿ. ಧಾನ್ಯದ ಶೆಫೆಲ್ ತೂಕವಲ್ಲ, ಕೊಳಗದ ಹಾಗೆ ಅಳತೆ. ಒಂದಕ್ಕೆ 177 ಲೀಟರ್. ಕ್ವಿಂಟಲ್‌ಗೆ ತಿರುಗಿಸಲು ಹೋಗಬೇಡಿ, ಗೋಧಿಗೂ ಓಟ್ಸ್‌ಗೂ ತೂಕ ಬೇರೆ.

ಕಾವೇರಿದಂಡೆ, ಮಂಡ್ಯ

ಬಹಳ ಉಪಕಾರವಾಯಿತು. ಇನ್ನೊಂದು ಕೇಳುತ್ತೇನೆ. ಮೇಲುಕೋಟೆಯಲ್ಲಿ ದೇವಸ್ಥಾನ, ಮಠಗಳ ಸುತ್ತ ಊರು ಬೆಳೆದ ಹಾಗೆ ಇಲ್ಲೂ ಮಠ ಇದ್ದಾಗಲೇ ಊರು ಬೆಳೆಯಿತು ಅಂತ ಬರೆದಿದ್ದೇನೆ. ಸರಿಯೆ?

ಬೆಟ್ಟದ ತಪ್ಪಲು, ಮೈಸೂರು

ಆ ಸಾಲು ತೆಗೆದುಬಿಡಿ. ಮೇಲುಕೋಟೆ ಯಾತ್ರಿಕರನ್ನು ಕರೆಯುವ ಕ್ಷೇತ್ರ. ಸಿಸ್ಟರ್ಸಿಯನ್ನರು ಜನರಿಂದ ದೂರ, ಕಾಡು, ಹೊಳೆ ಇರುವ ಕಡೆ ಮಠ ಕಟ್ಟುವವರು. ಮಠದ ಬಾಗಿಲಲ್ಲಿ ಪೇಟೆ ಬೆಳೆಯುವುದು ಅವರಿಗೆ ಬೇಡ. ದೂರದ ಹೊಲಗಳಲ್ಲಿ ತೋಟದಮನೆಗಳು, ಪಟ್ಟಣಗಳಲ್ಲಿ ಉಗ್ರಾಣಗಳು, ಧಾನ್ಯ-ದ್ರಾಕ್ಷಾರಸದ ಮಾರಾಟ ಅಲ್ಲೇ. ಬೇಬೆನ್‌ಹೌಸನ್‌ನ ಉಗ್ರಾಣಗಳು ಟ್ಯೂಬಿಂಗನ್‌ನಲ್ಲೂ ಎಸ್ಲಿಂಗನ್‌ನಲ್ಲೂ ಇಂದಿಗೂ ನಿಂತಿವೆ. 'ಮಂಗಳೂರ ಸಮಾಚಾರ'ದ ಮೊಗ್ಲಿಂಗ್ 1881ರಲ್ಲಿ ತೀರಿಕೊಂಡ ಊರು ಎಸ್ಲಿಂಗನ್ನೇ. ನಿಮ್ಮ ಓದುಗರಿಗೆ ಹಿಡಿಸೀತು. ಹಳ್ಳಿ ಹಳ್ಳಿಯಾದದ್ದು ಸನ್ಯಾಸಿಗಳು ಹೋದ ಬಹಳ ಕಾಲದ ಮೇಲೆ, ಮಠದ ಆವರಣದ ಕಟ್ಟಡಗಳಲ್ಲಿ ಸಂಸಾರಸ್ಥರು ನೆಲೆಸುತ್ತ.

ವಿಲ್ಹೆಲ್ಮ್ ಬಗ್ಗೆ: ಇಬ್ಬರು 'ಎರಡನೇ ವಿಲ್ಹೆಲ್ಮ್' ಇದ್ದರು, ಇಬ್ಬರ ಆಳ್ವಿಕೆಯೂ ಮುಗಿದದ್ದು 1918ರ ನವೆಂಬರಿನಲ್ಲೇ. ಹಾಲೆಂಡಿಗೆ ಹೋಗಿ 1941ರಲ್ಲಿ ಸತ್ತವನು ಜರ್ಮನಿಯ ಚಕ್ರವರ್ತಿ. ಬೇಬೆನ್‌ಹೌಸನ್‌ನಲ್ಲಿ 1921ರ ಅಕ್ಟೋಬರ್ 2ರಂದು ತೀರಿಕೊಂಡವನು ವ್ಯುರ್ಟೆಂಬರ್ಗ್‌ನ ಅರಸ. ಮಠ ಅಷ್ಟರಲ್ಲಿ ರಾಜಮನೆತನದ ಬೇಟೆಯ ಅರಮನೆಯಾಗಿತ್ತು. ಅವನ ರಾಣಿ ಶಾರ್ಲೊಟೆ 1946ರಲ್ಲಿ ಸಾಯುವ ತನಕ ಅಲ್ಲೇ ಇದ್ದಳು.

ಅದೇ ವರ್ಷದ ಕೊನೆಗೆ ಎರಡನೇ ಮಹಾಯುದ್ಧದ ನಂತರ ಫ್ರೆಂಚ್ ಆಡಳಿತಕ್ಕೆ ಬಂದಿದ್ದ ವ್ಯುರ್ಟೆಂಬರ್ಗ್-ಹೋಹೆನ್‌ಝೊಲರ್ನ್ ರಾಜ್ಯದ ಜನಪ್ರತಿನಿಧಿಗಳು ಸನ್ಯಾಸಿಗಳ ಚಳಿಗಾಲದ ಊಟದ ಮನೆಯಲ್ಲಿ ಸಭೆ ಸೇರಿದರು. 1952ರಲ್ಲಿ ಬಾಡೆನ್-ವ್ಯುರ್ಟೆಂಬರ್ಗ್ ರಾಜ್ಯ ಆಗುವವರೆಗೂ ಶಾಸನಸಭೆ ಅಲ್ಲೇ ನಡೆಯಿತು. ಬೇಟೆಯ ಅರಮನೆಗೆ ಒಂದು ಪುಟ ಕೊಟ್ಟಿದ್ದರೆ ಅದನ್ನು ಅರ್ಧಕ್ಕಿಳಿಸಿ, ಉಳಿದರ್ಧ ಈ ಆರು ವರ್ಷಕ್ಕೆ ಕೊಡಿ. 1974ರಲ್ಲಿ ಹಳ್ಳಿ ಟ್ಯೂಬಿಂಗನ್ ನಗರಕ್ಕೆ ಸೇರಿತು.

ನಕ್ಷೆ ಹಾಕುವುದಾದರೆ 1818ರಿಂದ 1840ರವರೆಗೆ ಆದ ರಾಜ್ಯದ ಸರ್ವೆಯ 1:2500 ಹಾಳೆ ಹುಡುಕಿ. ನಮ್ಮ ಗ್ರಾಮನಕ್ಷೆಯ ಹಾಗೆ ಒಂದೊಂದು ಮನೆ, ಒಂದೊಂದು ಹಿಡುವಳಿಯೂ ಕಾಣುತ್ತದೆ. ಮೊದಲು ಮಠದ ಪೌಳಿಯ ಗೆರೆಯನ್ನು ಕೆಂಪಿನಲ್ಲಿ ಎಳೆದುಕೊಳ್ಳಿ, ಆಮೇಲೆ ಅದರ ಒಳಗಿನ ಮನೆ, ಹೊರಗಿನ ಮನೆ ಎಣಿಸಿ. ಆ ಎಣಿಕೆಯನ್ನು ಇಲ್ಲಿ ಹಾಕಿದರೆ ಮುಂದಿನದನ್ನು ಕೂಡಿ ನೋಡೋಣ.