ಡ್ರಮ್ಮಿನಲ್ಲಿರುವ ನಿಂಬೆ ಗಿಡ: ಚಿಗುರೆಲ್ಲಾ ಹಳದಿ, ಹಾಕಿದ ನೀರು ಮಣ್ಣಿಗೆ ಇಳಿಯುತ್ತಿಲ್ಲ

ತಾರಸಿತೋಟ:
ಎಲ್ಲರಿಗೂ ನಮಸ್ಕಾರ. ಮನೆ ಬೆಂಗಳೂರಿನ ಯಲಹಂಕ ಕಡೆ. 200 ಲೀಟರ್ ಡ್ರಮ್ಮನ್ನು ಅರ್ಧಕ್ಕೆ ಕತ್ತರಿಸಿ ಕಸಿ ನಿಂಬೆ ಹಾಕಿದ್ದೇವೆ. ಕೆಂಪು ಮಣ್ಣು ಜಾಸ್ತಿ, ಜೊತೆಗೆ ಕೊಟ್ಟಿಗೆ ಗೊಬ್ಬರ. ಈಗ ಬರುವ ಚಿಗುರೆಲ್ಲಾ ಹಳದಿ, ನರ ಮಾತ್ರ ಹಸಿರು. ಹೂವು ಬಿಡುತ್ತದೆ, ಆದರೆ ಕಾಯಿ ಕಡಲೆ ಗಾತ್ರಕ್ಕೆ ಬರುವಷ್ಟರಲ್ಲಿ ಉದುರುತ್ತದೆ. ನೀರು ಹಾಕಿದರೆ ಸ್ವಲ್ಪ ಹೊತ್ತು ಮೇಲೆ ನಿಲ್ಲುತ್ತದೆ, ಆಮೇಲೆ ಸರ್ರನೆ ತಳದಿಂದ ಹೊರಗೆ. ಬೇವಿನ ಹಿಂಡಿ, ಒಲೆ ಬೂದಿ, ಮೊಟ್ಟೆ ಸಿಪ್ಪೆ ಎಲ್ಲಾ ಹಾಕುತ್ತಿದ್ದೇವೆ. ಬೋರ್ ನೀರು. ಗೊಬ್ಬರ ಇನ್ನೂ ಜಾಸ್ತಿ ಮಾಡಬೇಕಾ?

ಮಣ್ಣುಹುಳು:
ಬೇಡ. ಮೊದಲು ಎರಡು ವಿಷಯ ನೋಡಿ ಹೇಳಿ. ಹಳೇ ಎಲೆಗಳು ಹೇಗಿವೆ? ತೆಳ್ಳಗಿನ ಬಿದಿರು ಕಡ್ಡಿಯನ್ನು ಡ್ರಮ್ಮಿನ ನಡುವೆ, ಬುಡಕ್ಕೆ ಸ್ವಲ್ಪ ದೂರದಲ್ಲಿ ಒಂದಡಿ ಇಳಿಸಿ. ಹೊರಗೆ ತೆಗೆದಾಗ ತೇವ ಇದೆಯಾ?

ತಾರಸಿತೋಟ:
ಹಳೇ ಎಲೆ ಹಸಿರಾಗಿಯೇ ಇವೆ. ಕಡ್ಡಿ ನಾಲ್ಕು ಬೆರಳು ಇಳಿಯುವುದೇ ಕಷ್ಟವಾಯ್ತು ಸರ್. ತುದಿಯಲ್ಲಿ ಒಣ ಪುಡಿ. ಡ್ರಮ್ಮಿನ ಅಂಚಿಗೂ ಮಣ್ಣಿಗೂ ನಡುವೆ ಬೆರಳು ತೂರುವಷ್ಟು ಬಿರುಕಿದೆ. ಅಂಚಿಗೆ ಬಿಳಿ ಪದರ ಕಟ್ಟಿದೆ.

ಮಣ್ಣುಹುಳು:
ಹಾಗಾದರೆ ಗೊತ್ತಾಯ್ತು. ಹಾಕಿದ ನೀರು ಆ ಬಿರುಕಿನಲ್ಲೇ ಇಳಿದು ಹೋಗುತ್ತಿದೆ. ನಡುವಿನ ಬೇರಿಗೆ ಸಿಗುತ್ತಲೇ ಇಲ್ಲ. ಕೆಂಪು ಮಣ್ಣು ನೆಲದಲ್ಲಿದ್ದಾಗ ಎರೆಹುಳು, ಇರುವೆ, ಬೇರು ಸೇರಿ ಸಡಿಲ ಮಾಡುತ್ತವೆ. ಡ್ರಮ್ಮಿನಲ್ಲಿ ಅದು ಸುಮ್ನೆ ಕುಸಿದು ಗಟ್ಟಿಯಾಗುತ್ತದೆ. ಎಳೆ ಕಾಯಿ ಸ್ವಲ್ಪ ಉದುರುವುದು ಸಹಜ, ಆದರೆ ಎಲ್ಲಾ ಉದುರುತ್ತಿದ್ದರೆ ಈ ನೀರಿನ ಏರುಪೇರೇ ಕಾರಣ ಇರಬೇಕು.

ಹಳದಿ ಬೇರೆ ಕಥೆ. ಸಾರಜನಕ ಕಡಿಮೆಯಾದರೆ ಹಳೇ ಎಲೆ ಮೊದಲು ಪೂರ್ತಿ ಹಳದಿಯಾಗುತ್ತದೆ. ಹೊಸ ಚಿಗುರು ಹಳದಿ, ನರ ಹಸಿರು ಅಂದರೆ ಕಬ್ಬಿಣದ ಕೊರತೆ. ಆ ಮಣ್ಣಿಗೆ ಕೆಂಪು ಬಣ್ಣ ಬಂದಿರುವುದೇ ಕಬ್ಬಿಣದಿಂದ, ಆದರೂ ಗಿಡಕ್ಕೆ ಸಿಗುತ್ತಿಲ್ಲ. ಗಡಸು ಬೋರ್ ನೀರಿನಿಂದ ಮಣ್ಣು ಕ್ಷಾರವಾಗುತ್ತದೆ. ಕ್ಷಾರ ಮಣ್ಣಿನಲ್ಲಿ ಕಬ್ಬಿಣ ನೀರಿಗೆ ಕರಗುವುದಿಲ್ಲ. ಅಂಚಿನ ಬಿಳಿ ಪದರ ಆ ನೀರಿನ ಸುಣ್ಣ, ಉಪ್ಪಿನದೇ. ಬೂದಿ, ಮೊಟ್ಟೆ ಸಿಪ್ಪೆ ಹಾಕಿದರೆ ಕ್ಷಾರ ಇನ್ನೂ ಏರುತ್ತದೆ. ಎರಡನ್ನೂ ಇವತ್ತೇ ನಿಲ್ಲಿಸಿ.

ತಾರಸಿತೋಟ:
ಮಣ್ಣನ್ನು ಕುರ್ಪಿಯಿಂದ ಚೆನ್ನಾಗಿ ಅಗೆದು ಸಡಿಲ ಮಾಡಿದರೆ ಸಾಕಾ?

ಮಣ್ಣುಹುಳು:
ಆಳವಾಗಿ ಅಗೆಯಲೇಬೇಡಿ. ನಿಂಬೆಯ ಊಟ ಹೀರುವ ಬೇರು ಮೇಲಿನ ಪದರದಲ್ಲೇ ಹರಡಿರುತ್ತವೆ. ಕುರ್ಪಿಯ ಅಲಗು ಅವನ್ನು ಕತ್ತರಿಸುತ್ತದೆ. ಮೂರು ಹಲ್ಲಿನ ಕೈ ಫೋರ್ಕ್ ತಗೊಂಡು ಮೇಲಿನ ಒಂದಿಂಚು ಮಾತ್ರ ಕೆದಕಿ. ಆಮೇಲೆ ಅಂಚಿನ ಕಡೆ ಕಬ್ಬಿಣದ ಸರಳಿನಿಂದ ಅಲ್ಲಲ್ಲಿ ತೂತು ಮಾಡಿ, ಅದರೊಳಗೆ ಎರೆಗೊಬ್ಬರ, ತೆಂಗಿನ ನಾರಿನ ಪುಡಿ ತುಂಬಿ. ಬಿರುಕನ್ನೂ ಅದರಿಂದಲೇ ಮುಚ್ಚಿ. ನೀರನ್ನು ಒಂದೇ ಸಲ ಸುರಿಯದೆ, ಸ್ವಲ್ಪ ಸ್ವಲ್ಪವಾಗಿ ಬಿಟ್ಟು ಬಿಟ್ಟು ಹಾಕಿ.

ಇದು ತಾತ್ಕಾಲಿಕ. ಮಣ್ಣು ಬದಲಾಯಿಸಲೇಬೇಕು.

ಹಿತ್ತಲುಗಿಡ:
ಮಧ್ಯೆ ಬಾಯಿ ಹಾಕುತ್ತಿದ್ದೇನೆ. ಈ ಬಿಸಿಲಲ್ಲಿ ಮಣ್ಣು ಬದಲಾಯಿಸಬೇಡಿ ಮೇಡಂ. ಮಳೆ ಹಿಡಿದ ಮೇಲೆ, ಜೂನ್ ಕೊನೆಗೆ ಮಾಡಿ. ಹಿಂದಿನ ದಿನ ಚೆನ್ನಾಗಿ ನೆನೆಸಿ. ಡ್ರಮ್ ಅಡ್ಡ ಮಲಗಿಸಿ, ಗೋಡೆಗುಂಟ ಗಾರೆ ಕರಣೆ ಆಡಿಸಿದರೆ ಮಣ್ಣಿನ ಗಡ್ಡೆ ಬಿಟ್ಟುಕೊಳ್ಳುತ್ತದೆ. ಕಾಂಡ ಹಿಡಿದು ಎಳೆಯಬೇಡಿ. ಸುತ್ತಲಿನ ಎರಡಿಂಚು ಮಣ್ಣು ಮಾತ್ರ ಕಡ್ಡಿಯಿಂದ ಉದುರಿಸಿ, ಸುತ್ತಿಕೊಂಡ ಬೇರು ಕತ್ತರಿಸಿ. ಹೊಸ ಮಿಶ್ರಣಕ್ಕೆ ಕೆಂಪು ಮಣ್ಣು, ಎರೆಗೊಬ್ಬರ, ತೊಳೆದ ತೆಂಗಿನ ನಾರಿನ ಪುಡಿ ಸಮಸಮ. ಒಂದು ಹಿಡಿ ಬೇವಿನ ಹಿಂಡಿ. ಕಸಿ ಗಂಟು ಮಣ್ಣಿನಿಂದ ಮೇಲೆಯೇ ಇರಲಿ. ತಳಕ್ಕೆ ಜಲ್ಲಿ ಬೇಡ, ಬೇರಿನ ಜಾಗ ತಿನ್ನುತ್ತದೆ ಅಷ್ಟೇ. ತೂತು ಕಟ್ಟಿದ್ದರೆ ಬಿಡಿಸಿ, ಮೇಲೆ ಒಂದು ಹಿಡಿ ತೆಂಗಿನ ನಾರು ಇಟ್ಟರೆ ಸಾಕು.

ತಾರಸಿತೋಟ:
ಸರಿ, ಜೂನ್‌ಗೇ ಇಟ್ಟುಕೊಳ್ಳುತ್ತೇವೆ. ಅಲ್ಲಿಯವರೆಗೆ ಹಳದಿಗೆ ಏನು ಮಾಡಲಿ? ಬೋರ್ ಬದಲು ಆರ್‌ಓ ಫಿಲ್ಟರಿನಿಂದ ಹೊರಹೋಗುವ ವೇಸ್ಟ್ ನೀರು ಹಾಕಬಹುದಾ?

ಮಣ್ಣುಹುಳು:
ಆ ನೀರು ಹಾಕಬೇಡಿ. ಫಿಲ್ಟರು ತೆಗೆದ ಉಪ್ಪೆಲ್ಲಾ ಅದರಲ್ಲೇ ಇರುತ್ತದೆ. ಮಳೆ ನೀರು ಹಿಡಿದಿಟ್ಟರೆ ಅದಕ್ಕಿಂತ ಒಳ್ಳೆಯದಿಲ್ಲ. ಕಾವೇರಿ ನೀರು ಬರುತ್ತಿದ್ದರೆ ಅದೂ ಆಗುತ್ತದೆ.

ಹಳದಿಗೆ ಅನ್ನಭೇದಿ (ಫೆರಸ್ ಸಲ್ಫೇಟ್, ಕಬ್ಬಿಣದ ಲವಣ) ಸಿಂಪಡಿಸಿ. ಒಂದು ಲೀಟರ್ ನೀರಿಗೆ 5 ಗ್ರಾಂ ಅನ್ನಭೇದಿ, 1 ಗ್ರಾಂ ನಿಂಬೆ ಉಪ್ಪು (ಸಿಟ್ರಿಕ್ ಆಮ್ಲ). ಮೊದಲು ಒಂದೇ ಕೊಂಬೆಗೆ ಹೊಡೆದು ಎರಡು ದಿನ ನೋಡಿ. ಎಲೆ ಸುಡದಿದ್ದರೆ ಗಿಡಕ್ಕೆಲ್ಲಾ ಹೊಡೆಯಿರಿ. ಸಂಜೆ ಹೊತ್ತೇ ಆಗಬೇಕು. ಮಣ್ಣಿಗೆ ಹಾಕಿದರೆ ಪ್ರಯೋಜನ ಕಡಿಮೆ, ಕ್ಷಾರದಲ್ಲಿ ಅದೂ ಕರಗದ ರೂಪಕ್ಕೆ ತಿರುಗುತ್ತದೆ. ಹೆಸರಘಟ್ಟದ ತೋಟಗಾರಿಕೆ ಸಂಶೋಧನಾ ಸಂಸ್ಥೆಯವರ ಸಿಟ್ರಸ್ ಸ್ಪೆಷಲ್ ಅನ್ನುವ ಲಘು ಪೋಷಕಾಂಶದ ಪುಡಿಯೂ ಇದೆ. ನಿಮಗೆ ಯಲಹಂಕದಿಂದ ಹತ್ತಿರವೇ ಅಲ್ವಾ? ಅದನ್ನು ತಂದರೆ ಪೊಟ್ಟಣದ ಮೇಲಿನ ಪ್ರಮಾಣದಂತೆ ಹಾಕಿ, ಅನ್ನಭೇದಿ ಜೊತೆ ಬೆರೆಸಬೇಡಿ. ಹಳದಿಯಾದ ಎಲೆ ಪೂರ್ತಿ ಹಸಿರಾಗದೇ ಇರಬಹುದು. ಮುಂದಿನ ಚಿಗುರಿನ ಬಣ್ಣ ನೋಡಿ ಲೆಕ್ಕ ಹಾಕಿ.

ಹಿತ್ತಲುಗಿಡ:
ಸಿಂಪಡಿಸುವ ಮುಂಚೆ ತಾರಸಿಯಲ್ಲಿ ಒಣಹಾಕಿದ ಬಟ್ಟೆ ತೆಗೆದುಬಿಡಿ. ಅನ್ನಭೇದಿ ಬಿದ್ದರೆ ತುಕ್ಕಿನ ಕಲೆ ಹೋಗುವುದೇ ಇಲ್ಲ.