ಡಾರ್ಕ್ ಮ್ಯಾಟರ್‌ಗೆ ‘ಕಪ್ಪು ವಸ್ತು’ ಸರಿಯಾ? ನಾಳೆಗೆ ಬೇಕು

ಪ್ರಶ್ನೆ:
ನಮಸ್ಕಾರ. ಶಾಲೆಯ ವಿಜ್ಞಾನ ಮೇಳಕ್ಕೆ ಬೋರ್ಡ್ ಬರೆಸುತ್ತಿದ್ದೇನೆ. ನಾಳೆ ಸಂಜೆಯೊಳಗೆ ಕೊಡಬೇಕು. ವಿಷಯ, ಗಾಮಾ ಕಿರಣಗಳಿಂದ ಡಾರ್ಕ್ ಮ್ಯಾಟರ್ ಕಣಗಳ ಹುಡುಕಾಟ. ‘ಕಪ್ಪು ವಸ್ತು’ ಅಂತ ಬರೆದಿದ್ದೆ. ಅಮ್ಮ ಓದಿ, "ಇದ್ದಿಲ ಪುಡಿ ಥರಾನಾ?" ಅಂದರು. ಅಲ್ಲಿಗೆ ಕೈ ನಿಂತಿತು. ಕಣಗಳು ‘ಅನೈಹಿಲೇಟ್’ ಆಗುವುದಕ್ಕೆ ‘ವಿನಾಶ’ ಸಾಕಾ?

ಉತ್ತರ:
ಬ್ಲ್ಯಾಕ್ ಹೋಲ್‌ಗೆ ಕೃಷ್ಣವಿವರ ಇದೆಯಲ್ಲ, ಹಾಗೇ ಕೃಷ್ಣದ್ರವ್ಯ. ಇದರಲ್ಲಿ ಚರ್ಚೆ ಏನಿದೆ?

ಉತ್ತರ:
ಬೇಡ. ‘ಕೃಷ್ಣ’, ‘ದ್ರವ್ಯ’ ಎರಡೂ ಸಂಸ್ಕೃತದ ಎರವಲು. ನಮ್ಮದೇ ‘ಕತ್ತಲೆ’ ಇದೆ, ಹಳಗನ್ನಡದ ‘ಕೞ್ತಲೆ’. ಅದು ಬಣ್ಣವಲ್ಲ, ಬೆಳಕಿಲ್ಲದಿರುವುದು. ಕಿರಣ ಯಾಕೆ? ‘ಕದಿರು’ ಅನ್ನಿ.

ಉತ್ತರ:
ಕತ್ತಲೆಯೂ ಒಪ್ಪುವುದಿಲ್ಲ. ಕಪ್ಪಾದದ್ದು ಬೆಳಕನ್ನು ನುಂಗುತ್ತದೆ. ಡಾರ್ಕ್ ಮ್ಯಾಟರ್ ನುಂಗುವುದಿಲ್ಲ, ಬೆಳಕು ಸುಮ್ನೆ ದಾಟಿ ಹೋಗುತ್ತದೆ. ಅದರ ಸೆಳೆತದಿಂದ ಮಾತ್ರ ಅದು ಇದೆ ಅಂತ ಗೊತ್ತು. ಹಾಗಾಗಿ ‘ಕಾಣದ ವಸ್ತು’. ಅಮ್ಮನಿಗೂ ತಿಳಿಯುತ್ತದೆ, ಅಲ್ವಾ?

‘ವಿನಾಶ’ ಖಂಡಿತ ಬೇಡ. ಈ ಹುಡುಕಾಟದ ಜೀವಾಳವೇ ಅದರಲ್ಲಿ ಸತ್ತುಹೋಗುತ್ತದೆ. ಎರಡು ಕಣ ಎದುರಾದರೆ ಒಂದನ್ನೊಂದು ಅಳಿಸಿಕೊಳ್ಳಬಹುದು, ಆಗ ಗಾಮಾ ಕಿರಣ ಹೊಮ್ಮಬಹುದು ಅನ್ನುವುದು ಊಹೆ. ಅಳಿದದ್ದು ಬೇರೆ ರೂಪದಲ್ಲಿ ಹೊರಗೆ ಬರುತ್ತದೆ. 2008ರಲ್ಲಿ ಬಾಹ್ಯಾಕಾಶಕ್ಕೆ ಹಾರಿದ ಫರ್ಮಿ ಗಾಮಾ ಕಿರಣ ದೂರದರ್ಶಕ ಡ್ರಾಕೋದಂಥ ಕುಬ್ಜ (ತೀರಾ ಚಿಕ್ಕ) ಗ್ಯಾಲಕ್ಸಿಗಳತ್ತ ನೋಡುವುದು ಇದಕ್ಕೇ. ಅಲ್ಲಿ ನಕ್ಷತ್ರ ಕಡಿಮೆ, ಕಾಣದ ವಸ್ತು ಜಾಸ್ತಿ. ಗಾಮಾ ಕಿರಣ ಸೂಸುವ ಬೇರೆ ಗದ್ದಲವೂ ಇಲ್ಲ. ಇನ್ನೂ ಖಚಿತ ಗುರುತು ಸಿಕ್ಕಿಲ್ಲ.

ಲಡಾಖ್‌ನ ಹಾನ್ಲೆಯಲ್ಲಿರುವ ಮೇಸ್ ದೂರದರ್ಶಕವನ್ನೂ ಸೇರಿಸಿ. ಅದರ ಕನ್ನಡಿ 21 ಮೀಟರ್ ಅಗಲ. ಅದು ನೇರವಾಗಿ ಹಿಡಿಯುವುದು ಗಾಮಾ ಕಿರಣವನ್ನಲ್ಲ. ಕಿರಣ ನಮ್ಮ ಗಾಳಿಗೆ ಬಡಿದಾಗ ಕೆಲವೇ ನ್ಯಾನೋಸೆಕೆಂಡು ಮಿಂಚುವ ನೀಲಿ ಬೆಳಕನ್ನು.

ಉತ್ತರ:
ಗಾಮಾ ಕಿರಣವೂ ಕಣ್ಣಿಗೆ ಕಾಣದು. ಅದೂ ‘ಕಾಣದ’ದ್ದೇ! ‘ಕದಿರು’ ಬಿಟ್ಟದ್ದು ಯಾಕೆ?

ಉತ್ತರ:
ಗಾಮಾ ಕಿರಣವನ್ನು ಫರ್ಮಿಯಂಥ ಉಪಕರಣ ಹಿಡಿಯುತ್ತದೆ. ಡಾರ್ಕ್ ಮ್ಯಾಟರ್ ಕಣವನ್ನು ಯಾವುದೂ ಹಿಡಿದಿಲ್ಲ. ‘ಗಾಮಾ’ ಗ್ರೀಕ್ ಅಕ್ಷರ, ಅದನ್ನು ಒಪ್ಪಿದ ಮೇಲೆ ‘ಕಿರಣ’ದ ಮೇಲೆ ಸಿಟ್ಟೇಕೆ? ಮಕ್ಕಳ ಪಠ್ಯದಲ್ಲಿರುವುದು ಕಿರಣ. ಬೋರ್ಡ್ ಓದುವವರು ಆ ಮಕ್ಕಳೇ.

ಪ್ರಶ್ನೆ ಕೇಳಿದವರು:
ಹೀಗೆ ಬರೆಸುತ್ತಿದ್ದೇನೆ: ‘ಕಾಣದ ವಸ್ತುವಿನ ಕಣಗಳು ಒಂದನ್ನೊಂದು ಅಳಿಸಿಕೊಂಡಾಗ ಗಾಮಾ ಕಿರಣ ಹೊಮ್ಮಬಹುದು. ಆ ಕಿರಣಕ್ಕಾಗಿ ಹುಡುಕುತ್ತಿದ್ದಾರೆ.’ ಕೆಳಗೆ ಚಿಕ್ಕ ಅಕ್ಷರದಲ್ಲಿ ‘ಡಾರ್ಕ್ ಮ್ಯಾಟರ್’. ಅಮ್ಮ ಓದಿದರು. ಈ ಸಲ ಇದ್ದಿಲಿನ ಮಾತು ಬರಲಿಲ್ಲ, "ಹೊಮ್ಮಿದ್ದು ಹೇಗೆ ಗೊತ್ತಾಗುತ್ತೆ?" ಅಂದರು. ಆ ನೀಲಿ ಮಿಂಚನ್ನೂ ಒಂದು ಸಾಲು ಸೇರಿಸುತ್ತೇನೆ.